ಅಕ್ಕನ ಬಾವಿಯ ನೀರು

ಅವನನ್ನು ಎಲ್ಲರೂ ‘ತಮ್ಮ’ ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಯ ಅವನ ಅಕ್ಕ ಇಡೀ ಬೀದಿಗೇ ಅಕ್ಕನಾದ ಮೇಲೆ ಅವನು ತಮ್ಮನಾಗದೆ ಇನ್ನೇನಾದಾನು? ವಯಸ್ಸು ಐವತ್ತು ದಾಟಿ, ಮೀಸೆ ಬೆಳ್ಳಗಾದರೂ ಆ ಹೆಸರು ಬಿಡಲಿಲ್ಲ.

ತೋಟಗಳಿಗೆ, ತರಕಾರಿ ಹೊಲಗಳಿಗೆ ಹುಳದ, ಕಳೆಯ ಔಷಧಿ ಹೊಡೆಯುವುದು ಅವನ ಕಸುಬು. ಹದಿನಾರು ವರ್ಷಗಳಿಂದ ಸರ್ಕಾರದ ಪರವಾನಗಿ ಇಟ್ಟುಕೊಂಡು ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿದ್ದ. ಗಾಳಿ ಜೋರಿದ್ದ ದಿನ ಔಷಧಿ ಟ್ಯಾಂಕಿನ ತಂಟೆಗೆ ಹೋಗುತ್ತಿರಲಿಲ್ಲ. ಮುಖಗವಸಿಲ್ಲದೆ ಡಬ್ಬದ ಮುಚ್ಚಳ ಬಿಚ್ಚುತ್ತಿರಲಿಲ್ಲ. ತನ್ನ ಕೆಲಸದತ್ತ ಯಾರೂ ಬೆರಳು ಮಾಡುವಂತಿಲ್ಲ ಎಂಬ ಹೆಮ್ಮೆ ಅವನಿಗಿತ್ತು. ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ.

ಅಕ್ಕನ ಮನೆಗೂ ಅವನ ಮನೆಗೂ ನಡುವೆ ಒಂದು ಮೋಟುಗೋಡೆ. ಗೋಡೆಯ ಆಚೆ ಅಕ್ಕನ ಬಾವಿ. ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಅಕ್ಕ ಹಗಲೆಲ್ಲ ನೋಡಿಕೊಳ್ಳುತ್ತಿದ್ದಳು. ಅವರೆಲ್ಲ ಕುಡಿಯುತ್ತಿದ್ದುದು ಆ ಬಾವಿಯ ನೀರನ್ನೇ.

ಹೊಲಗಳ ಸುತ್ತಮುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಲು ಸರ್ಕಾರ ತೀರ್ಮಾನಿಸಿದಾಗ, ನೀರಿನ ಇಲಾಖೆಯ ಒಬ್ಬ ಹೆಂಗಸು ಬಾಟಲಿಗಳ ಪೆಟ್ಟಿಗೆ ಹಿಡಿದು ಬಂದಳು. ಕೈಗವಸು ಹಾಕಿಕೊಂಡು ಅಕ್ಕನ ಬಾವಿಯಿಂದ ಎರಡು ಬಾಟಲಿ ತುಂಬಿಸಿ, ಚೀಟಿ ಅಂಟಿಸಿ, ಮಂಜುಗಡ್ಡೆಯ ನಡುವೆ ಇಟ್ಟಳು. ಅಕ್ಕ ನಗುತ್ತಾ, “ನಮ್ಮ ಬಾವಿ ನೀರು ಕನ್ನಡಿ ಇದ್ದಂಗಿದೆ, ಸುಮ್ನೆ ಯಾಕಮ್ಮ ಅಷ್ಟು ದೂರ ಹೊತ್ಕೊಂಡು ಹೋಗ್ತೀಯಾ?” ಅಂದಿದ್ದಳು.

ಮೂರು ವಾರಕ್ಕೆ ಆ ಹೆಂಗಸು ಕಾಗದ ಹಿಡಿದು ತಾನೇ ಬಂದಳು. ನೀರಿನಲ್ಲಿ ಕಳೆನಾಶಕ ಇತ್ತು, ಇರಬಹುದಾದ ಮಿತಿಯ ಎರಡರಷ್ಟು. ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನು ಕುಡಿಯುವುದು ಬೇಡ, ಇಲಾಖೆಯಿಂದಲೇ ದಿನಾ ನೀರಿನ ಕ್ಯಾನು ಬರುತ್ತದೆ ಎಂದಳು.

ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ಇದು ಮೇಲಿನ ದೊಡ್ಡ ತೋಟದವರದ್ದೇ ಕೆಲಸ ಮೇಡಂ! ಅವರಿಗೆ ಹೇಳೋರು ಕೇಳೋರು ಯಾರೂ ಇಲ್ಲ. ಬನ್ನಿ, ನಾನೇ ತೋರಿಸ್ತೀನಿ.”

“ಬನ್ನಿ, ಒಳ್ಳೇದೇ ಆಯ್ತು,” ಅಂದಳು ಅವಳು.

ಹೀಗೆ ಎರಡು ದಿನ ಅವನು ಅವಳ ಜೊತೆ ಬಿಸಿಲಲ್ಲಿ ಅಲೆದ. ಬಾವಿಗಳ ಭಾರದ ಮುಚ್ಚಳಗಳನ್ನು ತಾನೇ ಎತ್ತಿದ, ಪೆಟ್ಟಿಗೆ ಹೊತ್ತ, ದೊಡ್ಡ ತೋಟದ ಕಾವಲುಗಾರನ ಜೊತೆ ಜಗಳವನ್ನೂ ಆಡಿದ. ಒಟ್ಟು ಆರು ಬಾವಿಗಳ ನೀರು ಪ್ರಯೋಗಾಲಯಕ್ಕೆ ಹೋಯಿತು.

ಫಲಿತಾಂಶ ಬಂದ ದಿನ ಅವಳು ಅವನ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದಳು. ಒಂದೊಂದು ಬಾವಿಯ ಪಕ್ಕದಲ್ಲೂ ಒಂದೊಂದು ಅಂಕಿ. ದೊಡ್ಡ ತೋಟದ ಬಾವಿಯಲ್ಲಿ ಏನೂ ಇಲ್ಲ. ಇಳಿಜಾರಿನ ಎರಡು ಬಾವಿಗಳಲ್ಲಿ ಚೂರುಪಾರು. ಎಲ್ಲಕ್ಕಿಂತ ಹೆಚ್ಚು ಮೋಟುಗೋಡೆಯ ಆಚೆಗೆ.

“ಕೆಲಸ ಮುಗಿದ ಮೇಲೆ ಟ್ಯಾಂಕ್ ಎಲ್ಲಿ ತೊಳೀತೀರಿ?” ಎಂದು ಕೇಳಿದಳು.

“ಎಲ್ಲಿ ಅಂದ್ರೆ? ಹಿತ್ತಲಲ್ಲೇ. ಅಲ್ಲೊಂದು ಚಪ್ಪಡಿಕಲ್ಲಿದೆಯಲ್ಲ, ಗೋಡೆ ಪಕ್ಕ…”

ಅವನು ಕಿಟಕಿಯಾಚೆ ನೋಡಿದ. ಕಲ್ಲಿನಿಂದ ಬಾವಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಹದಿನಾರು ವರ್ಷ ಅವನು ಪ್ರತಿ ಸಲವೂ ಟ್ಯಾಂಕನ್ನು ಮೂರು ಬಾರಿ ಚೆನ್ನಾಗಿ ತೊಳೆದಿದ್ದ.

“ನೀವು ಹೊಡೆಯೋದ್ರಲ್ಲಿ ತಪ್ಪಿಲ್ಲ,” ಅವಳ ದನಿ ಮೆಲ್ಲಗಿತ್ತು. “ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ ನೀವು ಯೋಚಿಸ್ಲಿಲ್ಲ. ಪರವಾನಗಿ ಕೊಡೋವಾಗ ನಮ್ಮವರೂ ಕೇಳ್ಲಿಲ್ಲ. ಎರಡನ್ನೂ ವರದಿಯಲ್ಲಿ ಬರೀತೀನಿ. ಬರೀದೆ ಇರೋಕೆ ಆಗಲ್ಲ. ನಾಳೆ ಹತ್ತು ಗಂಟೆಗೆ ಕಳಿಸ್ಬೇಕು. ಅಷ್ಟರೊಳಗೆ ನಿಮ್ಮ ಅಕ್ಕನಿಗೆ ಯಾರು ಹೇಳ್ಬೇಕು ಅನ್ನೋದನ್ನ ನಿಮಗೇ ಬಿಟ್ಟಿದ್ದೀನಿ.”

ಅವನು ಚಪ್ಪಲಿಯನ್ನೂ ಮೆಟ್ಟದೆ ಹೊರಟ. ಅಕ್ಕ ಮಕ್ಕಳ ಚಾಪೆಗಳನ್ನು ಒರೆಸುತ್ತಿದ್ದಳು.

“ಅಕ್ಕಾ, ಬಾವಿಗೆ ವಿಷ ಇಳಿಸಿದ್ದು ನಾನೇ.”

“ಏನೋ ಅದು, ಹುಚ್ಚುಹುಚ್ಚಾಗಿ ಮಾತಾಡ್ತೀಯಾ!”

ಅವನು ಎಲ್ಲವನ್ನೂ ಹೇಳಿದ. ಅಕ್ಕ ಕೈಯಲ್ಲಿದ್ದ ಬಟ್ಟೆ ಹಿಂಡಿಕೊಂಡು ಹಾಗೇ ಕೂತಳು. ಆಮೇಲೆ, “ಮಕ್ಕಳಿಗೇನಾದ್ರೂ ಆಗುತ್ತೇನೋ?” ಎಂದಳು. ಅವನು ಅಲ್ಲೇ ಚಾಪೆಯ ಅಂಚಿನಲ್ಲಿ ಕೂತ. “ನಾಳೆಯೇ ಡಾಕ್ಟರು ಬಂದು ನೋಡ್ತಾರಂತೆ. ಮೇಡಂ ಹೇಳಿದ್ರು.”

ಡಾಕ್ಟರು ಎಲ್ಲ ಮಕ್ಕಳನ್ನೂ ನೋಡಿದರು, ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಇನ್ನೂ ಹತ್ತು ವರ್ಷ ಇದೇ ನೀರು ಕುಡಿದಿದ್ದರೆ ಹೀಗೆ ಹೇಳಲಾಗುತ್ತಿರಲಿಲ್ಲ, ಈಗಲೇ ಗೊತ್ತಾದದ್ದು ಪುಣ್ಯ ಎಂದರು. ಆ ಮಾತು ಕೇಳಿ ತಮ್ಮ ಹಿತ್ತಲಿಗೆ ಹೋಗಿ, ಗೋಡೆಗೆ ಒರಗಿಕೊಂಡು ಮನಸಾರೆ ಅತ್ತುಬಿಟ್ಟ.

ಅಕ್ಕ ನಾಲ್ಕು ದಿನ ಅವನ ಜೊತೆ ಮಾತಾಡಲಿಲ್ಲ. ಆದರೆ ಒಬ್ಬೊಬ್ಬ ತಾಯಿಗೂ ಬಾಗಿಲಲ್ಲೇ ನಿಂತು ವಿಷಯ ತಿಳಿಸಿದಾಗ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಇಬ್ಬರು ಮುಖ ಗಂಟಿಕ್ಕಿ ಮಕ್ಕಳನ್ನು ಕರೆದುಕೊಂಡು ಹೋದರು. ಐದನೆಯ ದಿನ ಅಕ್ಕ ಗೋಡೆಯಾಚೆಯಿಂದ, “ಊಟ ಆಯ್ತೇನೋ?” ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು.

ಪರವಾನಗಿ ಮೂರು ತಿಂಗಳು ಅಮಾನತಾಯಿತು. ಇಲಾಖೆಯ ತರಬೇತಿಯಲ್ಲಿ ತನ್ನ ಮಗಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಪಾಠ ಕೇಳಿದ. ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ತೆಳ್ಳಗೆ ಸಿಂಪಡಿಸಬೇಕೆಂದು ಕಲಿತ. ಇಲಾಖೆಯವರು ಬಂದು ಚಪ್ಪಡಿ ಕಿತ್ತು, ಅದರಡಿಯ ಮಣ್ಣನ್ನು ಆಳುದ್ದ ಅಗೆದು ಲಾರಿಯಲ್ಲಿ ಸಾಗಿಸಿದರು. ಪರವಾನಗಿ ವಾಪಸು ಪಡೆಯಲು ತುಂಬಬೇಕಾದ ಅರ್ಜಿಯಲ್ಲಿ ಹೊಸದೊಂದು ಪ್ರಶ್ನೆ ಸೇರಿತ್ತು: ಟ್ಯಾಂಕ್ ತೊಳೆಯುವ ಜಾಗ ಯಾವುದು? ಅದನ್ನು ಓದಿ ಅವನು ಒಂದು ಕ್ಷಣ ಪೆನ್ನು ಹಿಡಿದುಕೊಂಡೇ ಕೂತಿದ್ದ.

ಮೂರು ಮೂರು ತಿಂಗಳಿಗೊಮ್ಮೆ ಬಾಟಲಿಗಳು ಹೋದವು, ಅಂಕಿ ಇಳಿಯುತ್ತಾ ಬಂತು. ಎರಡು ವರ್ಷ ತುಂಬುವ ಹೊತ್ತಿಗೆ ಕಾಗದ ಬಂತು: ನೀರು ಕುಡಿಯಲು ಯೋಗ್ಯ. ಬಿಟ್ಟುಹೋಗಿದ್ದ ಮಕ್ಕಳಲ್ಲಿ ಒಂದು ಆ ಹೊತ್ತಿಗಾಗಲೇ ಮರಳಿ ಬಂದಿತ್ತು. ಇನ್ನೊಂದು ಬರಲೇ ಇಲ್ಲ.

ಮರುದಿನವೇ ತಮ್ಮ ಒಗೆದ ಅಂಗಿ ತೊಟ್ಟು ಇಲಾಖೆಯ ಕಚೇರಿಗೆ ಹೋದ. ಬಾಗಿಲ ಬಳಿಯ ಗುಮಾಸ್ತ ತಲೆಯೆತ್ತದೆ ಕೇಳಿದ: “ದೂರು ಕೊಡೋಕಾ, ಅರ್ಜಿನಾ?”

“ಎರಡೂ ಅಲ್ಲ ಸ್ವಾಮಿ. ನೀರಿನ ಮೇಡಂಗೆ ಒಂದು ಮಾತು ಹೇಳ್ಬೇಕಿತ್ತು. ಉಪಕಾರ ಆಯ್ತು ಅಂತ.”

ಗುಮಾಸ್ತ ಈಗ ತಲೆಯೆತ್ತಿದ. ಅದನ್ನು ಯಾವ ಪುಸ್ತಕದಲ್ಲಿ ಬರೆಸಬೇಕೆಂದು ಅವನಿಗೂ ತಿಳಿಯಲಿಲ್ಲ. ಸುಮ್ಮನೆ ಒಳಗೆ ಬಿಟ್ಟ.

ಅವಳು ಅವನ ಮಾತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಇದನ್ನ ನನಗೊಬ್ಬಳಿಗೇ ಹೇಳಿದ್ರೆ ಸಾಲದು, ಬನ್ನಿ,” ಎಂದು ಮಹಡಿಯ ಪ್ರಯೋಗಾಲಯಕ್ಕೆ ಕರೆದೊಯ್ದಳು. ಅಲ್ಲಿ ಯಂತ್ರದ ಮುಂದೆ ವಯಸ್ಸಾದ ತಂತ್ರಜ್ಞೆಯೊಬ್ಬಳು ಕೂತಿದ್ದಳು. “ಇವರು ಬಾವಿಯವರು. ಬಾವಿ ನಂಬರ್ ನಾನೂರ ಹನ್ನೆರಡು.”

ತಂತ್ರಜ್ಞೆ ಕನ್ನಡಕ ತೆಗೆದು ಎದ್ದುನಿಂತಳು. “ಇಪ್ಪತ್ತು ವರ್ಷ ಆಯ್ತು, ಬಾಟಲಿಗಳು ಬರ್ತವೆ, ಅಂಕಿ ಬರೆದು ಕಳಿಸ್ತೀನಿ. ಬಾವಿಯವರು ಯಾರೂ ಬಂದಿರ್ಲಿಲ್ಲ.”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ತಮ್ಮನಿಗೆ ಮರೆತೇಹೋದವು. ಎರಡೂ ಕೈ ಜೋಡಿಸಿದ, ಅಷ್ಟೆ.

“ಅಯ್ಯೋ, ಇರ್ಲಿ ಬಿಡಿ,” ಎಂದು ಅವಳು ಮುಜುಗರದಿಂದ ನಕ್ಕಳು. ಆಮೇಲೆ, ಬಹಳ ದಿನಗಳಿಂದ ಕೇಳಬೇಕೆಂದಿದ್ದವಳ ಹಾಗೆ, “ನೀರು ಹೇಗಿದೆ? ನಾವು ಪರೀಕ್ಷೆ ಮಾಡ್ತೀವೇ ಹೊರತು ಕುಡಿದು ನೋಡಲ್ಲ,” ಎಂದಳು.

“ಸಿಹಿಯಾಗಿದೆ ತಾಯಿ,” ಎಂದ ತಮ್ಮ. “ತುಂಬಾ ಸಿಹಿಯಾಗಿದೆ.”