ಗುಡುಗು ಮನೆ, ಜಾಗಟೆ ಮನೆ

ತನಗೆ ಅಂತ ಒಂದು ಅಭಿಪ್ರಾಯ ಇದೆಯೋ ಇಲ್ಲವೋ ಎಂಬ ಅನುಮಾನ ಕವನಳಿಗೆ ಬಹಳ ದಿನದಿಂದ ಇತ್ತು. ಅದನ್ನು ಅವಳು ಯಾರ ಹತ್ತಿರವೂ ಆಡಿದವಳಲ್ಲ. ಹಿತ್ತಿಲ ಕಲ್ಲಿನ ಮೇಲೆ ಪಾತ್ರೆ ಬೆಳಗುತ್ತಾ ತನಗೆ ತಾನೇ ಒಪ್ಪಿಕೊಂಡಿದ್ದಳು. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಅಪ್ಪ ಅಂದರೆ ಹೌದು ಅನ್ನುವಳು. ಸರಿಯಾಗೇ ಇದೆ ಎಂದು ಅವ್ವ ಅಂದರೆ ಅದಕ್ಕೂ ಹೌದು ಅನ್ನುವಳು. ಎರಡು ಸಲವೂ ನಿಜವನ್ನೇ ಹೇಳಿದೆ ಅನ್ನಿಸುತ್ತಿತ್ತು, ಅದೇ ಭಯ. ನಂಜನಗೂಡಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದ ಹುಡುಗಿ, ಪರೀಕ್ಷೆಯಲ್ಲಿ ‘ಚರ್ಚಿಸಿ’ ಎಂದು ಕೊಟ್ಟಾಗಲೆಲ್ಲ ಎರಡೂ ಕಡೆಯದನ್ನು ಬರೆದು, ಕೆಳಗೊಂದು ಗೆರೆ ಎಳೆದು ಎದ್ದು ಬಂದಿದ್ದಳು. ಈಗ ಭಾನುವಾರ ಟಿ. ನರಸೀಪುರದಿಂದ ಗಂಡಿನ ಕಡೆಯವರು ಬರುತ್ತಾರಂತೆ. “ನಿನಗೇನಮ್ಮಾ ಇಷ್ಟ?” ಎಂದು ಯಾರಾದರೂ ಕೇಳಿಬಿಟ್ಟರೆ ಏನು ಗತಿ?

ಅವಳಪ್ಪ ಮರಿಸ್ವಾಮಿಗೆ ಇಂಥ ತೊಂದರೆ ಇರಲಿಲ್ಲ. ತಾಂಡವಪುರದ ಆ ಬೀದಿಯಲ್ಲಿ ಅವರದು ಕೊಡೆ ಪಕ್ಷದ ಮನೆ. ಅದಕ್ಕೆ ಬಾವುಟ ಬೇಕಿಲ್ಲ, ಪೋಸ್ಟರ್ ಬೇಕಿಲ್ಲ. ಸಂಜೆಯಾಗುತ್ತಲೇ ಕಿಟಕಿ ತೆರೆದು ಗುಡುಗು ಟಿವಿಯನ್ನು ಜೋರಾಗಿ ಹಾಕಿದರೆ ಸಾಕು. ಗುಡುಗು ಕೇಳಿದರೆ ಕೊಡೆ ಪಕ್ಷ, ಜಾಗಟೆ ಟಿವಿ ಕೇಳಿದರೆ ಏಣಿ ಪಕ್ಷ. ಬೀದಿಯಲ್ಲಿ ಹಾಲು ಹಾಕಲು ಹೋಗುವವರಿಗೂ ಈ ಲೆಕ್ಕ ಗೊತ್ತಿತ್ತು. ಎರಡರ ಸಹವಾಸವೂ ಬೇಡವೆಂದು ಅಡುಗೆ ಕಾರ್ಯಕ್ರಮ ಹಾಕಿಕೊಂಡವರನ್ನು ಎರಡೂ ಕಡೆಯವರು ಗುಮಾನಿಯಿಂದ ನೋಡುತ್ತಿದ್ದರು. ಯಾರ ಮನೆಯದಾದರೂ ಟಿವಿ ಕೆಟ್ಟರೆ ಚುನಾವಣೆ ಹೊತ್ತಿನಲ್ಲಿ ಎರಡೂ ಪಕ್ಷದವರು ರಿಪೇರಿಯವನನ್ನು ಕಳಿಸುತ್ತಿದ್ದರು.

ಸಂಬಂಧ ತಂದವನು ದಲ್ಲಾಳಿ ಚಿಕ್ಕಸ್ವಾಮಿ. ಜಾತಕ ನೋಡಿಸಿದ್ದ, ಹುಡುಗನ ಸಂಬಳ ವಿಚಾರಿಸಿದ್ದ, ಕುಡಿಯುತ್ತಾನೋ ಇಲ್ಲವೋ ಎಂದು ಅವನ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಕೇಳಿದ್ದ. ಒಂದನ್ನು ಮಾತ್ರ ಮರೆತಿದ್ದ.

ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗ ಕೃಷ್ಣಕುಮಾರ್, ನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ತೆಳ್ಳಗಿದ್ದ, ಇಸ್ತ್ರಿ ಮಾಡಿದ ಅಂಗಿ ಮುದುರೀತು ಎಂಬಂತೆ ನೆಟ್ಟಗೆ ಕುಳಿತಿದ್ದ. ಅವನ ಅಪ್ಪ ನಂಜುಂಡಸ್ವಾಮಿ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ನಿವೃತ್ತರಾದವರು. ಕವನ ಕೇಸರಿಬಾತಿನ ತಟ್ಟೆ ಹಿಡಿದು ಹೊರಗೆ ಬಂದಾಗ ನಂಜುಂಡಸ್ವಾಮಿ ಅವಳನ್ನು ನೋಡಲೇ ಇಲ್ಲ. ಅವಳ ತಲೆಯ ಪಕ್ಕದಿಂದ ಗೋಡೆಯ ಟಿವಿಯನ್ನು ನೋಡುತ್ತಿದ್ದರು.

“ಇದೇನ್ ಸಾ, ಗುಡುಗು ಆಕಂಡಿದ್ದೀರಿ?”

“ನಮ್ಮನೇಲಿ ಯಾವಾಗ್ಲೂ ಇದೇಯ ಓಡಾದು,” ಎಂದ ಮರಿಸ್ವಾಮಿ ಎದೆಯುಬ್ಬಿಸಿ.

“ನಮ್ಮನೇಲಿ ಜಾಗಟೆ.”

ಚಿಕ್ಕಸ್ವಾಮಿಯ ಚಮಚ ತಟ್ಟೆಗೆ ಬಿತ್ತು. ಆಮೇಲೆ ಮರಿಸ್ವಾಮಿ ತೊಡೆ ತಟ್ಟಿ, “ಸತ್ಯ ಏಳಾಕೆ ಧೈರ್ಯ ಇರಾದು ಈ ಒಂದೇ ಚಾನಲ್ಲಿಗೆ ಕಣ್ರೀ. ಮಿಕ್ಕಿದ್ದೆಲ್ಲ ಬಾಡಿಗೆ ಬಾಯಿ!” ಎಂದ. “ಬಾಡಿಗೆ ಬಾಯಿ ಯಾರ್ದು ಅಂತ ಊರಿಗೇ ಗೊತ್ತು. ನಿಮ್ಮ ಕೊಡೇಲಿ ತೂತು ಬಿದ್ದು ಎಷ್ಟು ವರ್ಷ ಆಯ್ತು?” ಎಂದರು ನಂಜುಂಡಸ್ವಾಮಿ. ಏಣಿಯ ಮೆಟ್ಟಿಲು ಹುಳ ತಿಂದದ್ದು, ಕೊಡೆಯ ಕಡ್ಡಿ ಮುರಿದದ್ದು ಎಲ್ಲ ಮಾತಿಗೆ ಬಂದವು. ಹೆಣ್ಣಿಗೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕವನಳಿಗೆ ಒಳಗೊಳಗೇ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಕೊನೆಗೆ ಚಿಕ್ಕಸ್ವಾಮಿ ಇಬ್ಬರ ನಡುವೆ ನಿಂತ. “ನನ್ನ ಮಾತು ಕೇಳಿ. ಒಂದು ವಾರ ನೀವು ಅವರ ಚಾನಲ್ ನೋಡಿ, ಅವರು ನಿಮ್ ಚಾನಲ್ ನೋಡ್ಲಿ. ಸೊಸೆ ಆದೋಳು ಒಂದ್ಕಂಡು ಓಗ್ಬೇಕು ಅಂತ ಇಷ್ಟು ಕಾಲ ಏಳಿದ್ದಾಯ್ತು, ಈ ಸಲ ಬೀಗರೂ ವಸಿ ಒಂದ್ಕಳಿ. ಮುಂದಿನ ಭಾನುವಾರ ನರಸೀಪುರದಾಗೆ ಮನೆ ನೋಡೋ ಶಾಸ್ತ್ರ. ಹುಡುಗೀನೂ ಬರ್ಲಿ. ನಾಳೆ ರಿಮೋಟು ಅವಳ ಕೈಗೇ ತಾನೇ ಬರಾದು?”

ಹುಡುಗನಿಗೆ ಸರ್ಕಾರಿ ನೌಕರಿ. ಹುಡುಗಿ ಡಿಗ್ರಿ, ನೋಡಲು ಲಕ್ಷಣ. ಇಬ್ಬರು ಅಪ್ಪಂದಿರೂ ಹಲ್ಲು ಕಚ್ಚಿ ಒಪ್ಪಿದರು.

ಸೋಮವಾರ ಮರಿಸ್ವಾಮಿ ಕಿಟಕಿ ಮುಚ್ಚಿ, ಅಗುಳಿ ಹಾಕಿ, ಕಳ್ಳಬಟ್ಟಿ ಕುಡಿಯುವವನ ಹಾಗೆ ಜಾಗಟೆ ಟಿವಿ ಹಾಕಿದ. ಮೊದಲ ದಿನವೆಲ್ಲ ಟಿವಿಗೇ ಬೈದ. ಮಾರನೇ ದಿನ ಬೈಗುಳ ಕಮ್ಮಿಯಾಯಿತು. ಅದರ ಮಾರನೇ ದಿನ ಕೈಯಲ್ಲಿದ್ದ ರಾಗಿಮುದ್ದೆ ಒಣಗಿದರೂ ಬಾಯಿಗೆ ಹೋಗಲಿಲ್ಲ.

“ಅಲ್ಲ ಕಣೇ ಮಾದೇವಿ,” ಎಂದ ಹೆಂಡತಿಗೆ, “ಈ ವಯ್ಯ ಏಳಾದ್ರಲ್ಲೂ ಒಂದು ನ್ಯಾಯ ಅದೆ.”

“ಯಾವ್ದಾರ ಬಡ್ಕಳ್ಳಿ,” ಎಂದಳು ಮಾದೇವಮ್ಮ. “ನನ್ನ ಸೀರಿಯಲ್ಲು ಬರೋ ಒತ್ಗೆ ಆ ರಿಮೋಟು ಇತ್ಲಾಗೆ ಕೊಡಿ. ಅಲ್ಲಿ ಅತ್ತೇಗೆ ಇಸ ಆಕಿ ಮೂರು ದಿನ ಆಯ್ತು, ಸತ್ತ್ಲೋ ಬದುಕಿದ್ಳೋ ಗೊತ್ತಿಲ್ಲ.”

ಶುಕ್ರವಾರ ಮರಿಸ್ವಾಮಿ ಕಿಟಕಿಯ ಅಗುಳಿ ತೆಗೆದ. ಜಾಗಟೆಯ ಸದ್ದು ಬೀದಿಗೆ ಬಿತ್ತು. ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವನು ನಿಂತ. ಎದುರು ಮನೆಯಲ್ಲಿ ಹೂ ಕಟ್ಟುತ್ತಿದ್ದವರು ದಾರ ಬಿಟ್ಟರು. ಸ್ವಲ್ಪ ಹೊತ್ತಿಗೆ ಕೊಡೆ ಪಕ್ಷದ ಲೀಡರ್ ಮಹೇಂದ್ರ ಕಿತ್ತಳೆ ಹಣ್ಣು, ಬ್ರೆಡ್ಡು ಹಿಡಿದು ಬಂದ, ಆಸ್ಪತ್ರೆಗೆ ಬರುವವರ ಹಾಗೆ.

“ಅಣ್ಣ, ಉಸಾರಾಗಿದ್ದೀರಾ? ಕಿಟಕಿಯಿಂದ ಏನೋ ಬ್ಯಾರೆ ಸದ್ದು ಬತ್ತಾ ಅದೆ ಅಂತ ಉಡುಗ್ರು ಅಂದ್ರು. ಸೆಟ್‌ಟಾಪ್ ಬಾಕ್ಸು ಕೆಟ್ಟದಾ ಎಂಗೆ?”

“ಬಾಕ್ಸು ಸರಿಯಾಗದೆ. ಇಷ್ಟು ದಿನ ನನ್ನ ತಲೆ ಕೆಟ್ಟಿತ್ತು ಕಣ್ಲಾ,” ಎಂದ ಮರಿಸ್ವಾಮಿ. “ಸತ್ಯ ಏಳಾಕೆ ಒಂದೇ ಚಾನಲ್ಲು. ಮಿಕ್ಕಿದ್ದೆಲ್ಲ ಬಾಡಿಗೆ ಬಾಯಿ!” ಎಂದವನೇ ಗೋಡೆಯ ಮೇಲಿದ್ದ ಕೊಡೆ ಪಕ್ಷದ ಕ್ಯಾಲೆಂಡರನ್ನು ಕಿತ್ತು ಮಹೇಂದ್ರನ ಕೈಗಿಟ್ಟ. ಅದರಲ್ಲಿ ಹಾಲಿನವನ ಲೆಕ್ಕ ಬರೆದಿದ್ದ ಮಾದೇವಮ್ಮ ಮತ್ತೆ ಕಿತ್ತುಕೊಂಡಳು. ಮಹೇಂದ್ರ ಬ್ರೆಡ್ಡನ್ನು ಬಿಟ್ಟು ಹೋಗುವುದೋ ತೆಗೆದುಕೊಂಡು ಹೋಗುವುದೋ ತಿಳಿಯದೆ ಬಾಗಿಲಲ್ಲಿ ತುಸು ಹೊತ್ತು ನಿಂತು, ತೆಗೆದುಕೊಂಡು ಹೋದ.

“ಏನಂತೀಯಾ ಮಗ? ನಾನು ಏಳಿದ್ದು ಸರಿ ತಾನೇ?” ಎಂದು ಮರಿಸ್ವಾಮಿ ಮಗಳನ್ನು ಕೇಳಿದ.

“ಹೌದಪ್ಪ,” ಎಂದಳು ಕವನ. ಕಳೆದ ಶುಕ್ರವಾರ ಇದರ ತದ್ವಿರುದ್ಧಕ್ಕೂ ಅವಳು ಇದೇ ದನಿಯಲ್ಲಿ ಹೌದಪ್ಪ ಅಂದಿದ್ದಳು. ಅಪ್ಪನಿಗೆ ಅದು ನೆನಪಿದ್ದಂತಿರಲಿಲ್ಲ. ಅವಳಿಗಿತ್ತು.

ಭಾನುವಾರ ನಂಜನಗೂಡಿಗೆ ಹೋಗಿ ಅಲ್ಲಿಂದ ನರಸೀಪುರದ ಬಸ್ಸು ಹತ್ತಿದರು. ಮಾದೇವಮ್ಮನ ತೊಡೆಯ ಮೇಲೆ ರಸಬಾಳೆಯ ಚಿಪ್ಪು. ದಾರಿಯುದ್ದಕ್ಕೂ ಮರಿಸ್ವಾಮಿ ಸೀಟಿನಲ್ಲೇ ಹಿಂದೆ ತಿರುಗಿ ಗುರುತಿಲ್ಲದವರಿಗೆಲ್ಲ ಏಣಿ ಪಕ್ಷದ ಮಹಿಮೆ ಹೇಳುತ್ತಿದ್ದ. “ಬೀಗರು ಖುಸಿಯಾಯ್ತರೆ ನೋಡ್ತಿರು,” ಎಂದು ನಡುನಡುವೆ ಚಿಕ್ಕಸ್ವಾಮಿಯ ಹೆಗಲು ತಟ್ಟುತ್ತಿದ್ದ.

ಹೊಳೆಗೆ ಹೋಗುವ ರಸ್ತೆಯಲ್ಲಿ ನಂಜುಂಡಸ್ವಾಮಿಯ ಮನೆ. ಬೀದಿ ತಿರುಗುತ್ತಲೇ ಕಿಟಕಿಯಿಂದ ಸದ್ದು ಕೇಳಿತು. ಗುಡುಗು ಟಿವಿ. ಮರಿಸ್ವಾಮಿ ನಡುಬೀದಿಯಲ್ಲಿ ನಿಂತುಬಿಟ್ಟ.

“ಬನ್ನಿ ಬನ್ನಿ!” ನಂಜುಂಡಸ್ವಾಮಿ ಕೈ ಚಾಚಿಕೊಂಡು ಹೊರಗೆ ಬಂದರು. “ನೋಡಿ ಸಾ, ನಿಮ್ಮ ಚಾನಲ್! ಮೊದಲು ನಿಮ್ಮ ಸಲುವಾಗಿ ಹಾಕಿದ್ದು. ನೋಡ್ತಾ ನೋಡ್ತಾ ನನ್ನ ಕಣ್ಣೇ ತೆರೀತು. ಸತ್ಯ ಹೇಳಕ್ಕೆ ಧೈರ್ಯ ಇರೋದು ಇದೊಂದಕ್ಕೇ. ಆ ಜಾಗಟೆ, ಥೂ, ಬಾಡಿಗೆ ಬಾಯಿ!” ಎಂದು ತೊಡೆ ತಟ್ಟಿಕೊಂಡರು.

“ಬಾಡಿಗೆ ಬಾಯಿ ಯಾವುದ್ರೀ?” ಮರಿಸ್ವಾಮಿಯ ಕುತ್ತಿಗೆ ಕೆಂಪಾಯಿತು. “ನಿಮ್ಮ ಕೊಡೇಲಿ ತೂತು ಬಿದ್ದು ಎಷ್ಟು ವರ್ಷ ಆಯ್ತು?”

“ನಿಮ್ಮ ಏಣಿ ಮೆಟ್ಟಿಲು ಹುಳ ತಿಂದಿದ್ದು ಗೊತ್ತಿಲ್ವಾ?”

ಕವನ ಬೆರಗಾಗಿ ನೋಡಿದಳು. ಹೋದ ವಾರದ ಜಗಳವೇ. ಆದರೆ ಅಪ್ಪನ ಮಾತು ಬೀಗರ ಬಾಯಲ್ಲಿ, ಬೀಗರ ಮಾತು ಅಪ್ಪನ ಬಾಯಲ್ಲಿ. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಹಾಕಿಕೊಂಡು ಹೊರಟಿದ್ದರೂ ಇಬ್ಬರಿಗೂ ಕಾಲಿಗೆ ಸರಿಯಾಗಿ ಕೂತಿತ್ತು.

“ಇನ್ನೊಂದು ವಾರ ಅದಲು ಬದಲು ಮಾಡಿದ್ರೆ?” ಎಂದು ಶುರುಮಾಡಿದ ಚಿಕ್ಕಸ್ವಾಮಿ, ಏನಾಗಬಹುದೆಂದು ತಾನೇ ಯೋಚಿಸಿ, ಬಾಯಿ ಮುಚ್ಚಿಕೊಂಡ. ಆಮೇಲೆ ಬೇರೆ ದಾರಿ ಹಿಡಿದ. “ಎರಡು ಟಿವಿ ಇಟ್ರಾಯ್ತು. ಮುಂದಿನ ಆಲಲ್ಲಿ ಗುಡುಗು. ಹುಡುಗಿ ಕಡೆಯವ್ರು ಒಂದು ಟಿವಿ ಕೊಟ್ಟು ಕಳಿಸ್ಲಿ, ರೂಮಲ್ಲಿ ಜಾಗಟೆ ಓಡ್ಲಿ.”

ಇದು ಇಬ್ಬರಿಗೂ ಹಿಡಿಸಿತು. ತಕ್ಷಣ ಮತ್ತೊಂದು ತಕರಾರು ಎದ್ದಿತು: ಅಡುಗೆ ಮನೆ ಯಾರದು? ಅದು ಹಾಲಿಗೂ ರೂಮಿಗೂ ನಡುವೆ ಇತ್ತು. ಸೊಸೆ ದಿನದ ಮುಕ್ಕಾಲು ಪಾಲು ಅಲ್ಲೇ ನಿಲ್ಲುವವಳು. ಅಲ್ಲಿ ಯಾವ ಚಾನಲ್ ಹೆಚ್ಚು ಕೇಳುತ್ತದೋ ವೋಟು ಆ ಕಡೆಗೆ ವಾಲುತ್ತದೆ ಎಂಬುದರಲ್ಲಿ ಮಾತ್ರ ಇಬ್ಬರು ಅಪ್ಪಂದಿರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

“ಪರೀಕ್ಷೆ ಮಾಡಾದೇ ಸರಿ,” ಎಂದ ಮರಿಸ್ವಾಮಿ.

ಹಾಲಿನ ಟಿವಿಯಲ್ಲಿ ಗುಡುಗು ಹಾಕಿದರು. ರೂಮಿನಲ್ಲಿ ಟಿವಿ ಇಡಬೇಕಾದ ಎತ್ತರಕ್ಕೆ ಬೀರುವಿನ ಮೇಲೆ ದಿಂಬಿಟ್ಟು, ಅದರ ಮೇಲೆ ಮೊಬೈಲು ಇಟ್ಟು, ಸ್ಪೀಕರಿಗೆ ಸೇರಿಸಿ ಜಾಗಟೆ ಹಾಕಿದರು. ನಂಜುಂಡಸ್ವಾಮಿ ಟೇಪು ತಂದು ಎರಡು ಬಾಗಿಲಿನಿಂದಲೂ ಅಳೆದು, ಒಲೆಯ ಮುಂದೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದರು. ಅದರ ಮೇಲೆ ಕವನಳನ್ನು ನಿಲ್ಲಿಸಿದರು. ಒಬ್ಬಳ ಮಾತು ಸಾಕ್ಷಿಯಾಗುವುದಿಲ್ಲವೆಂದು ಕೃಷ್ಣಕುಮಾರನನ್ನೂ ಪಕ್ಕದಲ್ಲಿ ನಿಲ್ಲಿಸಿದರು. “ಚೆನ್ನಾಗಿ ಕೇಳಿಸ್ಕಂಡು ಬನ್ನಿ,” ಎಂದು ಹೇಳಿ ಎಲ್ಲರೂ ಅಡುಗೆ ಮನೆಯಿಂದ ಹೊರಗೆ ಹೋದರು.

ಹೀಗೆ ಅವರಿಬ್ಬರಿಗೂ ಮೊದಲ ಸಲ ಏಕಾಂತ ಸಿಕ್ಕಿತು. ಎರಡೂ ಕಿವಿಯಲ್ಲಿ ಇಬ್ಬರು ಗಂಡಸರು ಅರಚುತ್ತಿದ್ದರು. ಒಲೆಯ ಮೇಲೆ ಹಾಲು ಕಾಯುತ್ತಿತ್ತು.

ಕವನ ನೆಲ ನೋಡುತ್ತಾ, “ನಿಮಗೆ ಯಾವುದು ಜಾಸ್ತಿ ಕೇಳ್ತಿದೆ?” ಎಂದಳು.

ಅವನು ಅಪ್ಪ ಹೋದ ಕಡೆ ಒಮ್ಮೆ ನೋಡಿದ. “ಅಪ್ಪ ಏನಂತಾರೋ ಅದೇ.”

“ಹೋದ ವಾರ ಅವರು ಜಾಗಟೆ ಅಂದಿದ್ರು.”

“ಆವಾಗ ಅದೇ ಸರಿ ಅನ್ಸಿತ್ತು.” ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಅದು ಚೆನ್ನಾಗಿ ಗೊತ್ತಾಯಿತು, ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಾಗಲು ಸಾಧ್ಯವಿರಲಿಲ್ಲ.

“ಹೋಗ್ಲಿ, ಟಿವಿ ಬಿಡಿ. ನಿಮಗೇನಿಷ್ಟ?”

ಅವನು ಕೈಬೆರಳುಗಳನ್ನು ಒಂದೊಂದಾಗಿ ಹಿಡಿದುಕೊಂಡ. ಬಹಳ ಹೊತ್ತು ಯೋಚಿಸಿ, ನಕ್ಕು, ಒಳ್ಳೆಯ ಮನಸ್ಸಿನಿಂದಲೇ, “ನಿಮಗೇನಿಷ್ಟವೋ ಅದೇ ರೀ,” ಎಂದ.

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಆರಿಸುವುದೋ ಬೇಡವೋ ಎಂದು ಯಾರಾದರೂ ಬಂದು ಹೇಳಲಿ ಎಂದು ಇಬ್ಬರೂ ಕಾಯುತ್ತಿದ್ದರು. ಸುಟ್ಟ ವಾಸನೆ ಬಂದಾಗ ಹುಡುಗನ ತಾಯಿ ಓಡಿ ಬಂದು ಆರಿಸಿ, “ಇಬ್ರೂ ನಿಂತವ್ರೆ ಗೊಂಬೆ ಅಂಗೆ!” ಎಂದು ಗೊಣಗಿ, ಇಬ್ಬರನ್ನೂ ಹೊರಗೆ ದಬ್ಬಿದರು.

“ಏಳಪ್ಪ, ಯಾವ್ದು ಜಾಸ್ತಿ ಕೇಳ್ತು?” ಎಂದು ಚಿಕ್ಕಸ್ವಾಮಿ ಕೇಳಿದ.

ಕೃಷ್ಣಕುಮಾರ್ ತನ್ನಪ್ಪನ ಮುಖ ನೋಡಿದ. ಮರಿಸ್ವಾಮಿಯ ಮುಖ ನೋಡಿದ. “ಎರಡೂ ಸಮ.”

ಮನೆಯೆಲ್ಲ ನಿಟ್ಟುಸಿರು ಬಿಟ್ಟಿತು. ಮರಿಸ್ವಾಮಿ, ನಂಜುಂಡಸ್ವಾಮಿ ತಬ್ಬಿಕೊಂಡರು. “ಸಮ ಅಂದ್ರೆ ಕೂಡಿತು ಅಂತಾನೇ ಅರ್ಥ. ತಾಂಬೂಲದ ತಟ್ಟೆ ತನ್ನಿ!” ಎಂದು ಚಿಕ್ಕಸ್ವಾಮಿ ಕೂಗಿದ. ತಟ್ಟೆ ಬಂತು. ವೀಳ್ಯದೆಲೆ, ಅಡಿಕೆ, ರಸಬಾಳೆ. ಟಿವಿ ಎಷ್ಟಿಂಚಿನದು ಎಂಬ ಮಾತೂ ಶುರುವಾಯಿತು. ಗುಡುಗೂ ಜಾಗಟೆಯೂ ಇನ್ನೂ ಅರಚುತ್ತಲೇ ಇದ್ದವು. ಆರಿಸುವುದು ಯಾರಿಗೂ ಹೊಳೆಯಲಿಲ್ಲ.

ತಟ್ಟೆಗೆ ಕೈ ಹಚ್ಚುವ ಮೊದಲು ಮರಿಸ್ವಾಮಿ ಮಗಳ ಕಡೆ ತಿರುಗಿದ. “ಸರಿ ತಾನೇ ಮಗ?”

ಕವನ ತಲೆಯಾಡಿಸಿಬಿಟ್ಟರೆ ಮುಗಿಯುತ್ತಿತ್ತು, ಕತ್ತು ಆಗಲೇ ಅರ್ಧ ಬಗ್ಗಿತ್ತು. ಅವಳು ಎದುರಿಗೆ ನಿಂತ ಹುಡುಗನನ್ನು ನೋಡಿದಳು. ಅವನ ಕತ್ತೂ ಅವಳದರ ಜೊತೆಗೇ ಅರ್ಧ ಬಗ್ಗಿತ್ತು.

“ಬೇಡಪ್ಪ,” ಎಂದಳು. ಯಾರಿಗೂ ಕೇಳಿಸಲಿಲ್ಲ. ಅವಳು ಹೋಗಿ ಹಾಲಿನ ಟಿವಿ ಆರಿಸಿದಳು, ರೂಮಿಗೆ ಹೋಗಿ ಮೊಬೈಲು ಆರಿಸಿದಳು, ವಾಪಸು ಬಂದು ನಿಂತಳು. ಈಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ಇವರು ಒಳ್ಳೆಯವರು. ಆದ್ರೆ ಇವರೂ ನನ್ನ ಹಾಗೇನೇ ಅಪ್ಪ, ನಾವಿಬ್ರೂ ಕೂಡಿದ್ರೆ ಈ ಮನೇಲಿ ಜೀವಮಾನವೆಲ್ಲ ಟಿವಿ ಮಾತ್ರ ಮಾತಾಡೋದು.”