ಹೆಣದಕ್ಕನ ಹೇಳಿಕೆ

ಸ್ಟುಡಿಯೋದಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಹೆಣದಕ್ಕ ಅಂತ. ಬೇಜಾರೇನಿಲ್ಲ, ಮೊನ್ನೆಮೊನ್ನೆಯವರೆಗೆ ಅದೊಂದು ಹೆಮ್ಮೆಯೇ ಆಗಿತ್ತು. ಹನ್ನೊಂದು ವರ್ಷದಿಂದ ಟಿ.ವಿ.ಯ ಒಂದು ಕ್ರೈಮ್ ಧಾರಾವಾಹಿಗೆ ದನಿ ಕೊಡುತ್ತಿದ್ದೇನೆ. ಅದರಲ್ಲಿ ವಾರಕ್ಕೊಬ್ಬ ಹೆಂಗಸು ಸಾಯಲೇಬೇಕು. ತೆರೆಯ ಮೇಲೆ ಯಾರೇ ಸಾಯಲಿ, ಕಿರುಚುವವಳು ನಾನು. ಮಹಡಿಯಿಂದ ಬೀಳುವ ಕಿರುಚಾಟ ಬೇರೆ, ಚಾಕು ಕಂಡಾಗಿನದು ಬೇರೆ, ಕತ್ತು ಹಿಸುಕುವಾಗಿನದು ಬೇರೆ. ಕೊಲೆ ಪತ್ತೆಹಚ್ಚಲು ಮಾತ್ರ ಮೀಸೆಯ ಇನ್ಸ್‌ಪೆಕ್ಟರೇ ಬರಬೇಕು. ಅವನ ಪಕ್ಕದಲ್ಲಿ ಗರಿಗರಿ ಇಸ್ತ್ರಿಯ ಸಮವಸ್ತ್ರ ತೊಟ್ಟ ಒಬ್ಬ ಮಹಿಳಾ ಎಸ್‌ಐ ಇದ್ದಾಳೆ. ಪಾಪ, ಅವಳಿಗೆ ವಾರಕ್ಕೆ ಒಂದೇ ಮಾತು: "ಸರ್, ರಿಪೋರ್ಟ್ ಬಂದಿದೆ."

ಒಮ್ಮೆ ನಿರ್ದೇಶಕರನ್ನು ಕೇಳಿಯೇಬಿಟ್ಟೆ. "ಸರ್, ಆ ಎಸ್‌ಐ ವಾಯ್ಸ್ ನಂಗೆ ಕೊಡಿ. ಒಂದ್ಸಲನಾದ್ರೂ ಬದುಕಿರೋ ಹೆಂಗಸಾಗ್ತೀನಿ."

"ಹೆಣದಕ್ಕ, ನಿಮ್ಮ ಗಂಟಲು ಹುಟ್ಟಿರೋದೇ ಸಾಯೋಕೆ. ಆರಾಮಾಗಿ ಸಾಯ್ರಿ," ಎಂದು ನಕ್ಕರು. ನಾನೂ ಹಲ್ಲುಕಿರಿದೆ. ಸಾಲದ್ದಕ್ಕೆ ಮನೆಗೆ ಬಂದು ಪಕ್ಕದ ಮನೆಯ ಟೈಲರಮ್ಮನಿಗೆ ಅದನ್ನೇ ದೊಡ್ಡ ಹೊಗಳಿಕೆಯೆಂಬಂತೆ ಹೇಳಿಕೊಂಡೆ. ಮಾನಗೆಟ್ಟವಳು ನಾನು.

ಟೈಲರಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳ ಹೊಲಿಗೆ ಯಂತ್ರ ಓಡಿದರೆ ನಮ್ಮ ಕಪಾಟಿನ ಲೋಟಗಳು ಗಲಗಲ ಅನ್ನುತ್ತವೆ. ಅವಳ ಗಂಡ ಮೆದುಮಾತಿನ ಮನುಷ್ಯ. ಮೆಟ್ಟಿಲಲ್ಲಿ ಸಿಕ್ಕರೆ ನನ್ನ ಕೈಯ ಚೀಲ ತಾನೇ ಇಸಿದುಕೊಳ್ಳುತ್ತಿದ್ದ. ಧಾರಾವಾಹಿಯಲ್ಲಿ ಹೆಂಡತಿಯನ್ನು ಹೊಡೆಯುವವನಿಗೆ ಕೆಂಗಣ್ಣು, ಕುರುಚಲು ಗಡ್ಡ ಕಡ್ಡಾಯ. ಇವನು ದಿನಾ ನುಣ್ಣಗೆ ಗಡ್ಡ ಹೆರೆದುಕೊಳ್ಳುತ್ತಿದ್ದನಲ್ಲ, ನನಗೆ ಯಾವ ಅನುಮಾನವೂ ಬರಲಿಲ್ಲ.

ಅವತ್ತು ನನಗೆ ರಜೆ. ಮಧ್ಯಾಹ್ನ ಎರಡಕ್ಕೆ ನಮ್ಮ ಧಾರಾವಾಹಿಯ ಮರುಪ್ರಸಾರ. ಕಾಲು ಚಾಚಿ ಕೂತಿದ್ದೆ. ಗೋಡೆಯಾಚೆಯಿಂದ, ಯಾರದೆಂದು ಗುರುತು ಸಿಗದ ಹೆಂಗಸಿನ ದನಿಯೊಂದು ಬರತೊಡಗಿತು. "ಬೇಡ ರೀ. ನೋವಾಗುತ್ತೆ. ಬೇಡ." ಏರಿಳಿತವೇ ಇಲ್ಲ, ಅಂಗಡಿಯವನಿಗೆ ಚಿಲ್ಲರೆ ಬೇಡ ಎಂದಂತೆ. ಟೈಲರಮ್ಮ ಬೇರೆ ಯಾವುದೋ ಚಾನೆಲ್ ಹಾಕಿದ್ದಾಳೆ ಅಂದುಕೊಂಡೆ. ಕಸುಬಿನ ಚಾಳಿ ನೋಡಿ, ಕೂತಲ್ಲೇ ತಪ್ಪು ಹುಡುಕಿದೆ. "ಅಯ್ಯೋ, ಎಷ್ಟು ಸಪ್ಪೆ! ಇವಳಿಗೆ ಯಾರಪ್ಪ ಕೆಲಸ ಕೊಟ್ಟೋರು?" ಎಂದು ಬಾಯಿಬಿಟ್ಟೇ ಅಂದೆ.

ಅರ್ಧ ಗಂಟೆಯಾದರೂ ಆ ಸಪ್ಪೆ ದನಿ ನಿಲ್ಲಲಿಲ್ಲ. ತಲೆಚಿಟ್ಟು ಹಿಡಿದು ರಿಮೋಟ್ ತೆಗೆದುಕೊಂಡು ನಮ್ಮ ಟಿ.ವಿ.ಯ ಸೌಂಡು ಪೂರ್ತಿ ಏರಿಸಿದೆ. ಅಷ್ಟರಲ್ಲಿ ನನ್ನ ಸೀನು ಬಂತು. ಕತ್ತು ಹಿಸುಕುವ ಸೀನು. ನನ್ನ ಕಿರುಚಾಟ ಮನೆ ತುಂಬಿತು. ತಲೆದೂಗುತ್ತಾ ಕೇಳಿದೆ. ಗೋಡೆಯಾಚೆ ದನಿ ಗಪ್ಪನೆ ನಿಂತುಹೋಯಿತು. ಹೇಳಲು ನಾಲಿಗೆ ಏಳುತ್ತಿಲ್ಲ, ಆದರೂ ಹೇಳುತ್ತೇನೆ: ಸೋತಳು ನೋಡು, ಅಂದುಕೊಂಡೆ.

ಟೈಲರಮ್ಮನ ಕೈ ಮುರಿದಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಮೇಲಿನ ಮನೆಯವರಿಂದ ಸಂಜೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಹೋದೆ. ಕೈಗೆ ಪ್ಲಾಸ್ಟರ್, ತುಟಿಗೆ ಹೊಲಿಗೆ, ಕತ್ತಿನ ಮೇಲೆ ಬೆರಳಿನ ಗುರುತು. ಡಾಕ್ಟರ್ ಪೊಲೀಸರಿಗೆ ತಿಳಿಸಿದ್ದರು. ಮಂಚದ ಪಕ್ಕ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಒಬ್ಬ ಮಹಿಳಾ ಎಸ್‌ಐ ತಾವೇ ಕೂತು ಬರೆದುಕೊಳ್ಳುತ್ತಿದ್ದರು. ಅವರ ಅಂಗಿಯ ಬೆನ್ನು ಬೆವರಿಗೆ ತೊಯ್ದಿತ್ತು. ಜೊತೆಗೆ ಮೀಸೆಯವರು ಯಾರೂ ಇರಲಿಲ್ಲ.

"ಫ್ಯಾನ್ ಒರೆಸೋಕೆ ಹತ್ತಿ ಬಿದ್ಲು ಅಂತಾನೆ ಗಂಡ," ಎಂದರು ಎಸ್‌ಐ. "ಕತ್ತಿನ ಗುರುತಿಗೂ ಏನೋ ಕಥೆ ಕಟ್ಟಿದಾನೆ. ನೋಡಿದೋರು ಯಾರೂ ಇಲ್ಲ. ಕೇಳಿಸ್ಕೊಂಡೋರು ಒಬ್ರಾದ್ರೂ ಬೇಕು, ಇಲ್ದಿದ್ರೆ ಸಂಜೆ ಇವ್ರು ಅದೇ ಮನೆಗೆ ಹೋಗ್ಬೇಕಾಗುತ್ತೆ."

ಟೈಲರಮ್ಮ ಸರಿಯಿದ್ದ ಕೈಯಿಂದ ನನ್ನ ಕೈ ಹಿಡಿದುಕೊಂಡಳು. "ಮೇಡಂ, ಈ ಅಕ್ಕನೇ ನನ್ನ ಪ್ರಾಣ ಉಳಿಸಿದ್ದು. ಕೊನೆಗೆ ನಮ್ಮನೆಯವ್ರು ಕತ್ತು ಹಿಡ್ಕೊಂಡ್ಬಿಟ್ರು, ನಂಗೆ ಉಸಿರೇ ಬರ್ತಿರ್ಲಿಲ್ಲ. ಆಗ ಅಕ್ಕ ಆಕಡೆಯಿಂದ ಹೆಂಗೆ ಕಿರುಚಿದ್ರು ಅಂತೀರಾ! ಜನ ಸೇರ್ತಾರೆ ಅಂತ ಹೆದರಿ ಕೈ ಬಿಟ್ರು."

ಎಸ್‌ಐ ನನ್ನ ಕಡೆ ತಿರುಗಿದರು. "ಒಳ್ಳೇ ಕೆಲಸ ಮಾಡಿದ್ರಮ್ಮ. ಯಾವಾಗಿಂದ ಕೇಳಿಸ್ತಿತ್ತು?"

ಆಗಷ್ಟೇ ಕೇಳಿಸಿತು, ಕಿರುಚಿದೆ ಅಂದಿದ್ದರೆ ಆಗುತ್ತಿತ್ತು. ಆ ಮಾತು ಬಾಯಿಯವರೆಗೂ ಬಂದಿತ್ತು, ದೇವರಾಣೆ. ಆದರೆ ಅವಳು ಅನುಭವಿಸಿದ ಆ ಅರ್ಧ ಗಂಟೆಗೆ ನನ್ನ ಕಿವಿ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ.

"ಎರಡು ಗಂಟೆಯಿಂದ," ಎಂದೆ. "ಅರ್ಧ ಗಂಟೆ ಕೇಳಿಸ್ತು. ಬೇಡ ರೀ, ನೋವಾಗುತ್ತೆ ಅಂತಿದ್ಲು."

"ಅರ್ಧ ಗಂಟೆ!" ಅವರ ಪೆನ್ನು ನಿಂತಿತು. "ಆಮೇಲೆ ಕಿರುಚಿದ್ರಾ?"

"ನಾನು ಕಿರುಚಲಿಲ್ಲ ಮೇಡಂ. ಅದು ಟಿ.ವಿ.ಲಿ ಬಂದಿದ್ದು, ನಾನೇ ವಾಯ್ಸ್ ಕೊಟ್ಟಿದ್ದು. ಸೌಂಡ್ ಜಾಸ್ತಿ ಮಾಡಿದ್ದೆ."

"ಯಾಕೆ?"

"ಇವಳ ದನಿ ಕಿರಿಕಿರಿ ಆಗ್ತಿತ್ತು. ಯಾವ್ದೋ ಸೀರಿಯಲ್ಲು ಅನ್ಕೊಂಡೆ."

ಎಸ್‌ಐ ಮತ್ತೆ ಪೆನ್ನು ಓಡಿಸಿದರು. ಎಲ್ಲವನ್ನೂ ಬರೆದುಕೊಂಡು, ಓದಿ ಹೇಳಿ, ನನ್ನಿಂದ ಸಹಿ ಹಾಕಿಸಿಕೊಂಡರು. "ಇಷ್ಟು ಸಾಕು, ಇವತ್ತೇ ಸ್ಟೇಷನ್ನಿಗೆ ಕರ್ಕೊಂಡ್ಹೋಗ್ತೀನಿ ಅವನ್ನ," ಎಂದು ಎದ್ದು ಹೋದರು. ನನಗೆ ತಲೆಯೆತ್ತಲಾಗಲಿಲ್ಲ. ಟೈಲರಮ್ಮ ಯಾವಾಗಲೋ ನನ್ನ ಕೈ ಬಿಟ್ಟಿದ್ದಳು.

ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹೊಲಿಗೆ ಹಾಕಿದ ತುಟಿಯನ್ನು ಮೆಲ್ಲಗೆ ಬಿಡಿಸಿ ಕೇಳಿದಳು:

"ಅಷ್ಟೊತ್ತು ನಾನು ಕೂಗಿದ್ದು ಸರಿಯಾಗಿರ್ಲಿಲ್ವಾ ಅಕ್ಕ?"