ಘಟಸರ್ಪದ ತಾಯಿಯ ಬೈಗುಳ

ನನ್ನ ಮದುವೆಯ ಹಾಸಿಗೆಗೆಂದು ಹೆಬ್ಬಾತಿನ ಗರಿಯ ದಂಟಿನಿಂದ ತುಪ್ಪುಳ ಬಿಡಿಸಲು ಊರಿನ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಗರಿ ಬಿಡಿಸುವಾಗ ಕತೆ ಕೇಳಬಹುದು, ಆದರೆ ಸೀನಬಾರದು, ನಗಬಾರದು. ಉಸಿರು ಸ್ವಲ್ಪ ಜೋರಾದರೂ ಮೇಜಿನ ಮೇಲಿನ ತುಪ್ಪುಳವೆಲ್ಲ ಹಾರಿಹೋಗುತ್ತದೆ.

ನನ್ನ ಅಣ್ಣ ಗಾಷ್ಪರ್ ಲೆವೊಚಾ ಪಟ್ಟಣದಲ್ಲಿ ಓದುತ್ತಿದ್ದ. ಅಲ್ಲಿನ ಹುಡುಗರು ನಮ್ಮ ಸ್ಲೋವಾಕ್ ಜನರ ಕತೆಗಳನ್ನು ಬರೆದು ಕೂಡಿಡುತ್ತಿದ್ದರಂತೆ. ನಮ್ಮೂರಿಗೆಲ್ಲ ಕತೆ ಹೇಳುವ ಬೊರ್ಕಾ ಅಜ್ಜಿಯ ಹನ್ನೆರಡು ತಲೆಯ ಘಟಸರ್ಪದ ಕತೆ ತರುತ್ತೇನೆಂದು ಇವನು ಜಂಬ ಕೊಚ್ಚಿಕೊಂಡು ಬಂದಿದ್ದ. ಬೆಳಿಗ್ಗೆಯೇ ಅವಳಿಂದ ಕೇಳಿ ಬರೆದುಕೊಂಡೂ ಆಗಿತ್ತು.

"ಮೊದ್ಲು ಎಲ್ರ ಮುಂದೆ ಓದು. ನನ್ ಕತೆ ಅನ್ಸಿದ್ರೆ ತಗೊಂಡ್ಹೋಗು, ಇಲ್ಲಾಂದ್ರೆ ಒಲೆಗೆ ಹಾಕ್ತೀನಿ" ಎಂದಳು ಅಜ್ಜಿ.

ಅಣ್ಣ ಓದಿದ. ನಮ್ಮಲ್ಲಿ ಓದಿದವರಿಗೆಲ್ಲ ಇರುವ ಚಾಳಿ ಅವನಿಗೂ ಇತ್ತು. ಲೇಖನಿ ಹಿಡಿದರೆ ಸಾಕು, ಮನೆಯ ಮಾತು ಬಿಟ್ಟು ಚರ್ಚಿನ ಬೈಬಲ್ಲಿನ ಚೆಕ್ ಭಾಷೆಯೇ ಬರುತ್ತಿತ್ತು. "ಹೇ ಜನನಿ, ಮಾನವಗಂಧವೊಂದು ನನ್ನ ನಾಸಿಕವನ್ನು ತಲುಪುತ್ತಿದೆ" ಎಂದಿತು ಘಟಸರ್ಪ.

"ಅಯ್ಯೋ, ನಮ್ ಪಾದ್ರಿಗೆ ಯಾವಾಗ ಹನ್ನೆರಡು ತಲೆ ಬಂತೇ?" ಎಂದಳು ಪಕ್ಕದ ಮನೆಯ ಝೋಫ್ಕಾ. ಎಲ್ಲರೂ ತುಟಿ ಕಚ್ಚಿಕೊಂಡರು. ಅಜ್ಜಿ ಮಾತ್ರ ನಗಲಿಲ್ಲ, "ಒಲೆ ಬಾಗ್ಲು ತೆಗಿಯೇ" ಎಂದಳು ನನಗೆ. ಅಣ್ಣ ಕಾಗದವನ್ನು ಎದೆಗೊತ್ತಿಕೊಂಡ.

"ಅಜ್ಜಿ, ಇನ್ನೊಂದ್ಸಲ!"

"ಹಂಗಾದ್ರೆ ಆ ಕಾಗ್ದ ಕೆಳಗಿಡು. ಗರಿ ಬಿಡಿಸ್ತಾ ಬಾಯಲ್ಲಿ ಹೇಳು."

ಬೆರಳುಗಳು ಗರಿಯಲ್ಲಿ ಸಿಕ್ಕಿಕೊಂಡ ಮೇಲೆ ಅವನ ನಾಲಿಗೆ ಸಡಿಲವಾಯಿತು. ಘಟಸರ್ಪ ಏಳು ಹರದಾರಿ ದೂರದಿಂದ ಮನೆಗೆ ಗದೆ ಎಸೆಯಿತು, ಬರುತ್ತಿದ್ದೇನೆ, ಊಟ ಬಿಸಿಮಾಡು ಎಂದು ತಿಳಿಸಲು. ಹೊರಗೆ ಓಡಿಬಂದ ತಾಯಿ ಸೊಂಟದ ಮೇಲೆ ಕೈಯಿಟ್ಟಳು: "ಹಾಳಾದವ್ನೇ, ಮತ್ತೆ ಹೆಬ್ಬಾಗ್ಲು ಮುರಿದ್ಯಾ? ಹನ್ನೆರಡು ತಲೆ ಇದೆ, ಒಂದ್ರಲ್ಲಾದ್ರೂ ಬುದ್ಧಿ ಬೇಡ್ವಾ?"

ಮೊದಲು ನಕ್ಕವಳು ಅಜ್ಜಿಯೇ. ತುಪ್ಪುಳವೆಲ್ಲ ಸೂರು ಮುಟ್ಟಿತು. ಹಾಸಿಗೆ ಹಾಳಾಗಿ ಹೋಗಲಿ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಬರಿಯೋ, ಈಗ ಬರಿ, ಬಾಯಲ್ಲಿರೋವಾಗ್ಲೇ!" ಎಂದು ಅಜ್ಜಿ ಅವನ ಬೆನ್ನಿಗೆ ಗುದ್ದಿದಳು.

ತಲೆಯ ಮೇಲೆ ತುಪ್ಪುಳ ಹೊತ್ತುಕೊಂಡೇ ಅವನು ಬರೆದ, ಬರೆದದ್ದನ್ನು ಓದಿದ. ಒಂದು ಮಾತೂ ಬದಲಾಗಿರಲಿಲ್ಲ. ಅಜ್ಜಿ ಕಾಗದವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಕಣ್ಣು ತುಂಬಿತ್ತು, ನಗು ಮಾತ್ರ ನಿಂತಿರಲಿಲ್ಲ.

"ನಾನು ಸತ್ಮೇಲೂ ಈ ಘಟಸರ್ಪದ ತಾಯಿ ಹಿಂಗೇ ಬೈತಾಳೇನೋ?"

"ಹಿಂಗೇ ಬೈತಾಳೆ ಅಜ್ಜಿ."

"ಹಂಗಾದ್ರೆ ಏಳ್ಬೇಡ, ಕೂತ್ಕೋ. ಇನ್ನೂ ನಾಲ್ಕು ಮಾತು ಬೈಸ್ಬೇಕು ಅವ್ಳ ಕೈಲಿ."